ಬಾಲದ ಚಂದ್ರ

"ಅಮ್ಮಾ, ಕಂಪ್ಯೂಟರಲ್ಲಿ ಮತ್ತೆ ಬಂತು ನೋಡು. ಏಳು ಡ್ರೈವರ್ ಹಳೇದಾಗಿದೆಯಂತೆ."

"ಆಮೇಲೆ ಅಂತ ಒತ್ತು."

"ನಿನ್ನೇನೂ ಆಮೇಲೆ ಅಂದೆ."

"ಇವತ್ತೂ ಆಮೇಲೆ. ಆ ಚಿಮಟ ಕೊಡು ಇಲ್ಲಿ."

ಬಟನ್ ಚಿಮಟ ಕೊಟ್ಟಳು. ಜೊತೆಗೆ ಒಂದು ನಿಟ್ಟುಸಿರನ್ನೂ ಬಿಟ್ಟಳು, ಅಮ್ಮನಿಗೆ ಕೇಳಿಸಲಿ ಅಂತಲೇ. ಅಮ್ಮನ ಕಿವಿ ಅತ್ತ ಇರಲಿಲ್ಲ. ಅವರು ಮೇಜಿನ ಮೇಲೆ ಬಗ್ಗಿ, ಕೆಂಪು ಸ್ಟಿಕ್ಕರಿನ ಹಾಳೆಯಿಂದ ಬೇಡದ ಚೂರುಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಿದ್ದರು. ಚೂರುಗಳೆಲ್ಲ ಹೋದ ಮೇಲೆ ಹಾಳೆಯಲ್ಲಿ ಅಕ್ಷರಗಳು ಮಾತ್ರ ಉಳಿದವು.

ಬಟನ್ ಅನ್ನುವುದು ಅವಳ ಶಾಲೆಯ ಹೆಸರಲ್ಲ. ನಾಲ್ಕು ವರ್ಷದವಳಿದ್ದಾಗ ಒಂದು ಲಿಫ್ಟಿನಲ್ಲಿ ನಿಂತು, ಒಂದರಿಂದ ಒಂಬತ್ತರವರೆಗೆ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿಬಿಟ್ಟಿದ್ದಳು. ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಒಂಬತ್ತನೇ ಮಹಡಿಯ ಡಾಕ್ಟರ ಬಳಿ ಹೊರಟಿದ್ದ ತಾತ ಒಬ್ಬರು ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಗಬೇಕಾಯಿತು. ಆ ತಾತ ಇಟ್ಟ ಹೆಸರು ಇದು. ಈಗ ಅವಳು ಐದನೇ ಕ್ಲಾಸು. ಕೈಯ ಬುದ್ಧಿ ಸ್ವಲ್ಪ ಸುಧಾರಿಸಿದೆ. ಹೆಸರು ಮಾತ್ರ ಅಂಟಿಕೊಂಡೇ ಇದೆ.

ಅಂಟುವುದರ ಮಾತು ಬಂದರೆ, ಅವರ ಅಂಗಡಿಯ ಕೆಲಸವೇ ಅದು. ಒಂದೇ ಕೋಣೆಯ ಅಂಗಡಿ. ಗಾಡಿಗಳ ನಂಬರು, ಗಾಜಿನ ಬಾಗಿಲಿಗೆ 'ತಳ್ಳಿ', 'ಎಳೆಯಿರಿ', ಮನೆಯ ಗೇಟಿಗೆ 'ಇಲ್ಲಿ ಗಾಡಿ ನಿಲ್ಲಿಸಬೇಡಿ', ಎಲ್ಲವನ್ನೂ ಅಮ್ಮ ಸ್ಟಿಕ್ಕರಿನಲ್ಲಿ ಕತ್ತರಿಸಿ ಕೊಡುತ್ತಾರೆ. ಅಮ್ಮ ಕೈಯಲ್ಲಿ ಕತ್ತರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಬರೆದು ಕಳಿಸಿದರೆ ಮೇಜಿನಷ್ಟು ಉದ್ದದ ಕಟ್ಟರ್ ಮೆಷಿನ್ನು, ಒಳಗಿರುವ ಪುಟ್ಟ ಬ್ಲೇಡನ್ನು ಕಿರ್ರ್ ಕಿರ್ರ್ ಎಂದು ಓಡಿಸಿ ಕತ್ತರಿಸುತ್ತದೆ.

ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಮ್ಮ ಮಾಡುವ ಮೊದಲ ಕೆಲಸ ಒಂದಿದೆ. ಅಂಗಿಯ ಗುಂಡಿಯಷ್ಟು ದೊಡ್ಡದೊಂದು ವೃತ್ತ ಕತ್ತರಿಸುವುದು. ಬ್ಲೇಡು ಹೊರಟ ಜಾಗಕ್ಕೇ ಸರಿಯಾಗಿ ವಾಪಸ್ಸು ಬಂದರೆ ವೃತ್ತ ಕೂಡುತ್ತದೆ, ಮೆಷಿನ್ ಸರಿಯಿದೆ ಎಂದರ್ಥ. ನಮ್ಮ ಅಕ್ಷರಗಳೆಲ್ಲ ದುಂಡು ದುಂಡು. ವೃತ್ತ ಸರಿ ಬಂದರೆ ಅಕ್ಷರವೂ ಸರಿ ಬರುತ್ತದೆ. ಆ ವೃತ್ತವನ್ನು ಅಮ್ಮ ಗೋಡೆಗೆ ಅಂಟಿಸಿ, ಕೆಳಗೆ ಪೆನ್ಸಿಲಿನಲ್ಲಿ ತಾರೀಖು ಬರೆಯುತ್ತಾರೆ. ಗೋಡೆಯ ತುಂಬ ಸಾಲು ಸಾಲು ವೃತ್ತಗಳು. ಬಟನ್ ಅವನ್ನು ಹುಟ್ಟಿದಾಗಿನಿಂದ ನೋಡುತ್ತಿರುವವಳ ಹಾಗೆ ನೋಡುತ್ತಿದ್ದಳು, ಅಂದರೆ ನೋಡುತ್ತಲೇ ಇರಲಿಲ್ಲ.

"ಅಮ್ಮಾ, ಯಾಕೆ ಆಮೇಲೆ? ಕಂಪ್ಯೂಟರ್ ಮಿಸ್ ಏನ್ ಹೇಳಿದಾರೆ ಗೊತ್ತಾ? ಹಳೇ ಡ್ರೈವರ್ ಇಟ್ಕೊಂಡಿರೋದು ಅಂದ್ರೆ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗಂತೆ."

"ಹೇಳಿರ್ತಾರೆ."

"ಮತ್ತೆ?"

"ನಡೀತಾ ಇದೆಯಲ್ಲ, ನಡೀಲಿ."

"ಅದೇ ಯಾಕೆ ಅಂತ."

"ಆಮೇಲೆ ಹೇಳ್ತೀನಿ ಕಣೇ. ಬಂಡಿ ಮಾಮ ಬಂದಾಯ್ತು, ಹೊರಗೆ ಕಾಯ್ತಿದಾರೆ."

ನೋಡಿ, ಅಮ್ಮ ಕಂಪ್ಯೂಟರಿಗೂ ಆಮೇಲೆ ಅಂತಾರೆ, ಮಗಳಿಗೂ ಆಮೇಲೆ ಅಂತಾರೆ. ಬಟನ್‌ಗೆ ಸಿಟ್ಟು ಬಂತು. ಅವಳು ಚೀಲದಿಂದ ತಗಡಿನ ಪೆನ್ಸಿಲ್ ಡಬ್ಬಿ ತೆಗೆದು ಮೇಜಿನ ಮೇಲೆ ಟಪ್ ಎಂದು ಇಟ್ಟಳು. ಶಾಲೆಗೆ ಸೇರಿದಾಗಿನ ಡಬ್ಬಿ ಅದು. ಮುಚ್ಚಳದ ಮೇಲೆ ಐದು ಸ್ಟಿಕ್ಕರುಗಳಿದ್ದವು, ಐದೂ ಮಾಸಿಹೋಗಿದ್ದವು. ಚಿಕ್ಕವಳಿದ್ದಾಗ ಅಮ್ಮ ಮಾಡಿಕೊಟ್ಟ ಚಂದ್ರಗಳು. ಒಂದೊಂದಕ್ಕೂ ಒಂದು ಪಕ್ಕದಲ್ಲಿ ಚೂರು ಬಾಲ. ಅದಕ್ಕೇ ಅವಳು ಅವನ್ನು ಬಾಲದ ಚಂದ್ರ ಎಂದು ಕರೆಯುತ್ತಿದ್ದಳು. ಕ್ಲಾಸಿನಲ್ಲಿ ಇನ್ನಾರ ಡಬ್ಬಿಯ ಮೇಲೂ ಅಂಥವು ಇರಲಿಲ್ಲ.

ಡಬ್ಬಿಯ ಹಿಂದೆಯೇ ಅವಳು ಚೀಲದಿಂದ ಹೋಂವರ್ಕ್ ಹಾಳೆ ಎಳೆದಳು. 'ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಯಾವ ಯಾವ ಅಪ್‌ಡೇಟ್ ಬಾಕಿ ಇವೆ? ಪಟ್ಟಿ ಮಾಡಿ. ದೊಡ್ಡವರ ಜೊತೆ ಕುಳಿತು ಅಪ್‌ಡೇಟ್ ಮಾಡಿ. ಟಿಕ್ ಹಾಕಿ.' ಪಟ್ಟಿ ಮಾಡುವುದನ್ನು ಅವಳು ಸೋಮವಾರವೇ ಮುಗಿಸಿದ್ದಳು. ಮೌಸು, ಸೌಂಡು, ಸ್ಕ್ರೀನು, ವೈಫೈ, ಪ್ರಿಂಟರು, ಯುಎಸ್‌ಬಿ ಪೋರ್ಟು, ಕೇಬಲ್ಲು. ಏಳು ಸಾಲು. ಏಳರ ಮುಂದೆಯೂ ಖಾಲಿ.

ಪಕ್ಕದ ಬೆಂಚಿನವಳು ಬೆಳಿಗ್ಗೆ ಹಾಳೆ ಇಣುಕಿ ನೋಡಿ, "ಅಯ್ಯೋ, ಒಂದೂ ಆಗಿಲ್ವಾ? ನಿಮ್ಮಮ್ಮಂಗೆ ಕಂಪ್ಯೂಟರ್ ಅಂದ್ರೆ ಭಯ ಇರಬೇಕು," ಎಂದಿದ್ದಳು. ಮಧ್ಯಾಹ್ನದ ಊಟ ಬಟನ್‌ಗೆ ರುಚಿಸಿರಲಿಲ್ಲ. ಭಯ ಇಲ್ಲ ಎಂದು ಹೇಳೋಣವೆಂದರೆ, ಅವಳಿಗೇ ಒಂದು ಅನುಮಾನ. ಇಲ್ಲದಿದ್ದರೆ ಅಮ್ಮ ದಿನಾ ಆಮೇಲೆ ಆಮೇಲೆ ಎಂದೇಕೆ ಹೇಳುತ್ತಾರೆ?

ಹೊರಗೆ ಬಂಡಿ ಮಾಮನ ವ್ಯಾನು ನಿಂತಿತ್ತು. ಊರೂರಿಗೆ ಪುಸ್ತಕ ಒಯ್ಯುವ ವ್ಯಾನು ಅದು. ಓಡಿಸುವವರೂ ಬಂಡಿ ಮಾಮನೇ, ಒಳಗೆ ಕುಳಿತು ಪುಸ್ತಕ ಕೊಡುವವರೂ ಅವರೇ. ವ್ಯಾನಿಗೆ ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ದರು. ಎರಡೂ ಪಕ್ಕ ದೊಡ್ಡ ಕೆಂಪು ಅಕ್ಷರಗಳಲ್ಲಿ 'ಬಂತು ಬಂತು ಪುಸ್ತಕದ ಬಂಡಿ' ಎಂದು ಬರಬೇಕಿತ್ತು. ಒಂದು ಪಕ್ಕದ ಅಕ್ಷರಗಳು ಈಗಷ್ಟೇ ತಯಾರಾಗಿದ್ದವು. ಇನ್ನೊಂದು ಪಕ್ಕದ್ದನ್ನು ಇನ್ನು ಕತ್ತರಿಸಬೇಕಿತ್ತು. ಆರೂವರೆಗೆ ವ್ಯಾನು ಹೊರಡಲೇಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ದೂರದ ಒಂದು ಶಾಲೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ.

"ಈ ಪಕ್ಕ ಅಂಟಿಸಿ, ಆ ಪಕ್ಕದ ಅಳತೆ ತಗೊಂಡು ಬರ್ತೀನಿ," ಎಂದು ಅಮ್ಮ ಅಕ್ಷರಗಳ ಹಾಳೆ ಸುತ್ತಿಕೊಂಡರು. "ಅರ್ಧ ಗಂಟೆ. ನೀನು ಬೇಕಾದರೆ ಚಿತ್ರ ಬಿಡಿಸ್ತಾ ಇರು. ಬೇರೆ ಏನೂ ಮುಟ್ಟಬೇಡ."

ಬಟನ್ ಒಂದು ಮನೆ ಬಿಡಿಸಿದಳು. ಮನೆಗೆ ಕಿಟಕಿ ಇಡುವಷ್ಟರಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಹಳದಿ ತ್ರಿಕೋನ ಮತ್ತೆ ಮಿನುಗಿತು. ಏಳು ಡ್ರೈವರ್ ಹಳೆಯದಾಗಿವೆ.

ಅಮ್ಮ ಮುಟ್ಟಬೇಡ ಅಂದಿದ್ದಾರೆ. ಮಿಸ್ ನೋಡಿದರೆ, ಅಪ್‌ಡೇಟ್ ಮಾಡಿಕೊಂಡು ಬಾ ಅಂದಿದ್ದಾರೆ. ಅತ್ತ ದರಿ, ಇತ್ತ ಪುಲಿ.

ಅವಳು ಯೋಚಿಸಿದಳು. ಈಗ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿದೆ, ಅದು ನಿಜ. ಆದರೆ ಹೊಸದಾದರೆ ಇನ್ನೂ ಚೆನ್ನಾಗಿ ನಡೆಯಬಹುದಲ್ಲ? ಹೊಸ ಪೆನ್ಸಿಲ್ ಹಳೆಯದಕ್ಕಿಂತ ಉದ್ದ ಇರುತ್ತದೆ. ಹೊಸ ಶೂ ಹೊಳೆಯುತ್ತದೆ. ಹೊಸದು ಕೆಟ್ಟದ್ದು ಎಂದು ಯಾರಾದರೂ ಹೇಳಿದ್ದನ್ನು ಅವಳು ಕೇಳಿಯೇ ಇಲ್ಲ. 'ದೊಡ್ಡವರ ಜೊತೆ' ಎಂದು ಹಾಳೆಯಲ್ಲಿದೆ, ಸರಿ. ದೊಡ್ಡವರು ಹೊರಗೆ ಹತ್ತು ಹೆಜ್ಜೆ ದೂರದಲ್ಲಿ ಇದ್ದಾರೆ. ಅದೂ ಜೊತೆಯೇ ಅಲ್ಲವೇ?

ತ್ರಿಕೋನವನ್ನು ಒತ್ತಿದಳು. ಪಟ್ಟಿ ತೆರೆಯಿತು. ಏಳು ಸಾಲು, ಒಂದೊಂದರ ಮುಂದೆ ಒಂದೊಂದು ಚಿಕ್ಕ ಗುಂಡಿ. ಎಲ್ಲಕ್ಕಿಂತ ಕೆಳಗೆ ಒಂದು ದೊಡ್ಡ ನೀಲಿ ಗುಂಡಿ. ಎಲ್ಲವನ್ನೂ ಅಪ್‌ಡೇಟ್ ಮಾಡು.

ಅಷ್ಟು ದೊಡ್ಡ ಗುಂಡಿಯನ್ನು ಬಟನ್ ಮುಂದೆ ಇಡುವುದೆಂದರೆ ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ. ಅವಳು ಒತ್ತಿದಳು.

ಹಸಿರು ಗೆರೆಯೊಂದು ತೆವಳುತ್ತ ತೆವಳುತ್ತ ಹೋಗಿ ಮೂಲೆ ಮುಟ್ಟಿತು. ಕಂಪ್ಯೂಟರ್ ಒಮ್ಮೆ ಆರಿ ಮತ್ತೆ ಹತ್ತಿಕೊಂಡಿತು. 'ಎಲ್ಲವೂ ಹೊಸದಾಗಿವೆ' ಎಂದು ಬಂತು. ಬಟನ್ ಪೆನ್ನು ತೆಗೆದು ಹಾಳೆಯ ಮೇಲೆ ಏಳು ಟಿಕ್ ಹಾಕಿದಳು. ಒಂದಕ್ಕಿಂತ ಒಂದು ಚೆಂದದ ಟಿಕ್. ಪಕ್ಕದ ಬೆಂಚಿನವಳ ಮುಖ ನೆನೆದು ಅವಳಿಗೆ ಖುಷಿಯಾಯಿತು. ಆ ಖುಷಿ ಸುಮಾರು ಮೂರು ನಿಮಿಷ ಬಾಳಿತು.

ಅಮ್ಮ ಒಳಗೆ ಬಂದರು. ಹಿಂದೆಯೇ ಬಂಡಿ ಮಾಮ, ಬಾಗಿಲಲ್ಲಿ ಬಗ್ಗಿಕೊಂಡು. ಅವರು ಅಷ್ಟು ಎತ್ತರ.

"ಐದು ಗಂಟೆ. ಕತ್ತರಿಸೋಕೆ ಇಪ್ಪತ್ತು ನಿಮಿಷ, ಬಿಡಿಸೋಕೆ ಇಪ್ಪತ್ತು, ಅಂಟಿಸೋಕೆ ಇಪ್ಪತ್ತು," ಎಂದು ಅಮ್ಮ ಲೆಕ್ಕ ಹಾಕುತ್ತ ಹೊಸ ಕೆಂಪು ಹಾಳೆಯನ್ನು ಮೆಷಿನ್ನಿಗೆ ತೊಡಿಸಿ, ಅಕ್ಷರಗಳನ್ನು ಕಳಿಸಿದರು.

ಮೆಷಿನ್ ಕಿರ್ರ್ ಎನ್ನಲಿಲ್ಲ.

ಅಮ್ಮ ಮತ್ತೆ ಕಳಿಸಿದರು. ಮೆಷಿನ್ನಿನ ಹಸಿರು ದೀಪದ ಜಾಗದಲ್ಲಿ ಕಿತ್ತಳೆ ದೀಪ ಮಿಣುಕಿತು, ಅಷ್ಟೆ.

"ಏನಾಯ್ತು ಇದಕ್ಕೆ?" ಅಮ್ಮ ಸ್ವಿಚ್ಚು ಆರಿಸಿ ಹಾಕಿದರು. ಕೇಬಲ್ಲು ತೆಗೆದು ಊದಿ ಮತ್ತೆ ಸಿಕ್ಕಿಸಿದರು. ಮೂಲೆಯಲ್ಲಿ ಸ್ಟಿಕ್ಕರ್ ಸುರುಳಿಗಳನ್ನು ನಿಲ್ಲಿಸಿದ್ದ ದೊಡ್ಡ ಸ್ಟ್ಯಾಂಡನ್ನು ಪಕ್ಕಕ್ಕೆ ಎಳೆದು, ಅದರ ಹಿಂದಿನ ಪ್ಲಗ್ಗು ನೋಡಿದರು. ಪ್ಲಗ್ಗು ಸರಿಯಾಗಿತ್ತು. "ಮಧ್ಯಾಹ್ನದವರೆಗೂ ಚೆನ್ನಾಗಿತ್ತಲ್ಲ."

ಅಪ್‌ಡೇಟಿನಿಂದ ಇರಲಾರದು, ಹೊಸದು ಹೇಗೆ ಕೆಡಿಸುತ್ತದೆ ಎಂದು ಬಟನ್ ತನಗೆ ತಾನೇ ಹೇಳಿಕೊಂಡಳು. ಮೇಜಿನ ಮೇಲಿದ್ದ ಹೋಂವರ್ಕ್ ಹಾಳೆಯನ್ನು ಮೆಲ್ಲಗೆ ಚೀಲಕ್ಕೆ ತುರುಕಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ.

"ಆಗದಿದ್ರೆ ಬಿಡಿ ಅಕ್ಕಾ," ಎಂದರು ಬಂಡಿ ಮಾಮ. "ರಸ್ತೆಯ ಎಡಗಡೆ ಮನೆಯವರಿಗೆ ಮಾತ್ರ ಪುಸ್ತಕ, ಬಲಗಡೆಯವರಿಗೆ ಇಲ್ಲ ಅಂತೀನಿ."

ಯಾರೂ ನಗಲಿಲ್ಲ. ಬಂಡಿ ಮಾಮ ಕೂಡ ಗಡಿಯಾರ ನೋಡಿಕೊಂಡರು.

ಅಮ್ಮ ಟಾರ್ಚು ಹಿಡಿದು ಮೇಜಿನ ಕೆಳಗೆ ಅಂಗಾತ ಮಲಗಿದರು. ಅವರ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಒಂದು ಚಪ್ಪಲಿ ಕಳಚಿ ಬಿದ್ದಿತ್ತು. ಒಳಗೆ ಎಲ್ಲೋ ತಲೆ ಬಡಿದ ಸದ್ದಾಯಿತು. "ಏನಿಲ್ಲ, ಏನಿಲ್ಲ," ಎಂದರು ಅಮ್ಮ ಕೆಳಗಿನಿಂದಲೇ. ಗಡಿಯಾರದಲ್ಲಿ ಐದು ಹದಿನೈದು.

ಅಮ್ಮ ಹೊರಗೆ ಬಂದಾಗ ಕೂದಲಿನಲ್ಲಿ ಧೂಳು, ಹಣೆಯ ಮೇಲೆ ಕೆಂಪು ಗೆರೆ. "ಒಳಗೇ ಏನೋ ಆಗಿರಬೇಕು," ಎನ್ನುತ್ತ ಡ್ರಾಯರ್ ತೆರೆದು ಸ್ಕ್ರೂಡ್ರೈವರ್ ತೆಗೆದರು. "ಬಿಚ್ಚಿ ನೋಡದೆ ಗತಿಯಿಲ್ಲ."

ಆ ಮೆಷಿನ್ನನ್ನು ಅಮ್ಮ ಬಿಚ್ಚಿದ್ದನ್ನು ಬಟನ್ ಎಂದೂ ನೋಡಿರಲಿಲ್ಲ. ಧೂಳು ಒರೆಸುವಾಗಲೂ ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದರು. ಈಗ ಸ್ಕ್ರೂಡ್ರೈವರ್ ಮೊದಲ ಸ್ಕ್ರೂವಿನ ಮೇಲೆ ಕುಳಿತಿತ್ತು.

"ಬಿಚ್ಚಬೇಡ ಅಮ್ಮಾ."

ಅಮ್ಮ ತಿರುಗಿದರು.

"ನಾನು... ಆ ಹಳದಿ ತ್ರಿಕೋನ ಒತ್ತಿದೆ."

ಅಮ್ಮ ಸ್ಕ್ರೂಡ್ರೈವರನ್ನು ಸ್ಕ್ರೂವಿನ ಮೇಲಿಂದ ಎತ್ತಿದರು.

"ಯಾವುದನ್ನ ಅಪ್‌ಡೇಟ್ ಮಾಡಿದೆ?"

"ಎಲ್ಲಾ."

"ಏಳೂ?"

"ಹೂಂ."

"ಒಟ್ಟಿಗೆ?"

ಬಟನ್ ಚೀಲದಿಂದ ಮುದುಡಿದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಏಳು ಟಿಕ್. ಈಗ ಅವು ಅಷ್ಟು ಚೆಂದ ಕಾಣಲಿಲ್ಲ.

ಅಮ್ಮ ಹಾಳೆ ನೋಡಿದರು. ಸ್ಕ್ರೂಡ್ರೈವರನ್ನು ಡ್ರಾಯರಿಗೆ ವಾಪಸ್ಸು ಹಾಕಿದರು. ಬೈಯುತ್ತಾರೆ ಎಂದು ಬಟನ್ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು," ಎಂದರು ಅಮ್ಮ ಕೊನೆಗೆ. "ಇನ್ನೊಂದು ನಿಮಿಷ ಸುಮ್ಮನಿದ್ದಿದ್ರೆ ಬಿಚ್ಚಿರ್ತಿದ್ದೆ. ಬಿಚ್ಚಿದ್ರೆ ಇವತ್ತಿಗೆ ಕತೆ ಮುಗೀತಿತ್ತು. ಬಾ, ಕೂತ್ಕೋ ಇಲ್ಲಿ."

"ಡ್ರೈವರ್ ಹಳೇದಾದ್ರೆ ಬದಲಾಯಿಸಿಬಿಡ್ತಾರಾ?" ಎಂದು ಬಂಡಿ ಮಾಮ ಬಾಗಿಲಿನಿಂದ ಕೇಳಿದರು. "ನನಗೂ ಐವತ್ತೆರಡಾಯ್ತು."

ಈ ಸಲ ಅಮ್ಮನ ತುಟಿ ಸ್ವಲ್ಪ ಅರಳಿತು. ಬಟನ್‌ಗೆ ಉಸಿರು ಬಂತು.

"ಈ ಡ್ರೈವರ್ ಬೇರೆ," ಎಂದು ಅಮ್ಮ ಮೌಸ್ ಓಡಿಸುತ್ತಲೇ ಹೇಳಿದರು. "ಕಂಪ್ಯೂಟರಿಗೆ ಒಂದು ಭಾಷೆ, ಮೆಷಿನ್ನಿಗೆ ಇನ್ನೊಂದು ಭಾಷೆ. ನಡುವೆ ನಿಂತು ಇದರ ಮಾತನ್ನ ಅದಕ್ಕೆ ತಿಳಿಸಿ ಹೇಳೋದು ಡ್ರೈವರ್ ಕೆಲಸ. ಈಗ ಏಳು ಕಡೆ ಏಳು ಜನ ಹೊಸಬರು ಬಂದಿದಾರೆ. ನಮ್ಮ ಮೆಷಿನ್ ಹಳೇದು. ಅದರ ಮಾತು ಯಾರೋ ಒಬ್ಬರಿಗೆ ತಿಳೀತಿಲ್ಲ. ಯಾರಿಗೆ ಅಂತ ಹುಡುಕಬೇಕು."

"ಹೇಗೆ ಹುಡುಕೋದು?"

"ಮೌಸು, ಸೌಂಡು, ಸ್ಕ್ರೀನು, ವೈಫೈ. ಈ ನಾಲ್ಕಕ್ಕೂ ಮೆಷಿನ್ನಿಗೂ ಸಂಬಂಧವಿಲ್ಲ. ಬಿಟ್ಟುಬಿಡು. ಪ್ರಿಂಟರು, ಪೋರ್ಟು, ಕೇಬಲ್ಲು. ಈ ಮೂರರಲ್ಲಿ ಒಂದು. ಒಂದೊಂದನ್ನೇ ಹಿಂದಕ್ಕೆ ಕಳಿಸೋಣ. ಒಂದು ಕಳಿಸೋದು, ಒಂದು ವೃತ್ತ ಕತ್ತರಿಸಿ ನೋಡೋದು."

ಅಮ್ಮನ ಕೈ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಸರಸರ ಹೋಯಿತು. ಬಟನ್ ಎಂದೂ ನೋಡಿರದ ಪಟ್ಟಿಗಳು ತೆರೆದುಕೊಂಡವು. ಅಲ್ಲಿ 'ಹಿಂದಿನ ಡ್ರೈವರಿಗೆ ಮರಳು' ಎಂಬ ಒಂದು ಸಣ್ಣ ಗುಂಡಿ ಇತ್ತು. ಅಂಥದ್ದೊಂದು ಇದೆಯೆಂದು ಕಂಪ್ಯೂಟರ್ ಮಿಸ್ ಹೇಳಿರಲಿಲ್ಲ. ಅಮ್ಮನಿಗೆ ಹೇಗೆ ಗೊತ್ತು ಎಂದು ಬಟನ್‌ಗೆ ಆಶ್ಚರ್ಯವಾಯಿತು.

"ಒತ್ತು," ಎಂದರು ಅಮ್ಮ.

"ನಾನಾ?"

"ನಿನ್ನ ಹೆಸರೇ ಬಟನ್ ಅಲ್ವಾ?"

ಅವಳ ಬೆರಳು ಮೌಸಿನ ಮೇಲಿತ್ತು. ಆದರೆ ಇಳಿಯಲಿಲ್ಲ. ಹುಟ್ಟಿದಂದಿನಿಂದ ಮೊದಲ ಸಲ ಅವಳಿಗೆ ಒಂದು ಗುಂಡಿಯನ್ನು ಒತ್ತಲು ಹೆದರಿಕೆಯಾಯಿತು. "ಇದರಿಂದ ಇನ್ನೂ ಹಾಳಾದ್ರೆ?"

"ಇದು ಪ್ರಿಂಟರಿಂದು. ಹಾಳಾದ್ರೆ ಪ್ರಿಂಟರ್ ನಿಲ್ಲುತ್ತೆ. ಮತ್ತೆ ಮುಂದಕ್ಕೆ ತರೋದು ನಂಗೆ ಗೊತ್ತು. ಒತ್ತು."

ಒತ್ತಿದಳು. ಕಂಪ್ಯೂಟರ್ ಆರಿ ಹತ್ತಲು ಆರು ನಿಮಿಷ ಹಿಡಿಯಿತು. ಅಷ್ಟು ಹಳೆಯ ಕಂಪ್ಯೂಟರು ಅದು. ಅಮ್ಮ ವೃತ್ತ ಕಳಿಸಿದರು. ಕಿತ್ತಳೆ ದೀಪ.

ಎರಡನೆಯದು ಪೋರ್ಟು. ಮತ್ತೆ ಆರು ನಿಮಿಷ. ಬಂಡಿ ಮಾಮ ಹೊರಗೆ ಹೋಗಿ ವ್ಯಾನಿನ ಗಾಜು ಒರೆಸಿ ಬಂದರು. ಬಟನ್ ಕಣ್ಣು ಗಡಿಯಾರದ ಮೇಲೇ ಇತ್ತು. ಅವಳು ಗುಂಡಿ ಒತ್ತಿದ್ದು ಒಂದು ಸಲ, ಹಿಂದಕ್ಕೆ ಬರುವುದಕ್ಕೆ ಎಷ್ಟು ಸಲ ಎಂದು ಮನಸ್ಸಿನಲ್ಲೇ ಎಣಿಸಿದಳು. ಕಿತ್ತಳೆ ದೀಪ.

ಮೂರನೆಯದು ಕೇಬಲ್ಲು. ಐದು ನಲವತ್ತೆರಡಕ್ಕೆ ಸ್ಕ್ರೀನು ಹತ್ತಿಕೊಂಡಿತು. ಅಮ್ಮ ವೃತ್ತ ಕಳಿಸಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ದೀಪ ಹಸಿರಾಯಿತು, ಬ್ಲೇಡು ಕಿರ್ರ್ ಎಂದು ಎಡಕ್ಕೆ ಓಡಿ ಒಂದು ಸುತ್ತು ತಿರುಗಿ ನಿಂತಿತು.

ಬಟನ್ ಎದ್ದು ಕುಣಿಯಬೇಕೆಂದಿದ್ದಳು.

"ತಡಿ," ಎಂದರು ಅಮ್ಮ. "ಕತ್ತರಿಸಿದ್ರೆ ಸಾಲದು. ಕೂಡಿದೆಯಾ ನೋಡು." ಚಿಮಟವನ್ನು ಅವಳ ಕೈಗೆ ಕೊಟ್ಟರು.

ಬಟನ್ ಉಸಿರು ಬಿಗಿಹಿಡಿದು ಅಂಚನ್ನು ಎತ್ತಿದಳು. ಕೆಂಪು ವೃತ್ತ ಹಾಳೆಯಿಂದ ಸಲೀಸಾಗಿ ಬಿಟ್ಟುಕೊಂಡು ಬಂತು. ದೀಪದ ಕೆಳಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದಳು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯುವಂತೆಯೇ ಇರಲಿಲ್ಲ.

"ಕೂಡಿದೆ," ಎಂದಳು.

ಆಮೇಲೆ ಮಾತಿಗೆ ಯಾರಿಗೂ ಪುರುಸೊತ್ತಿರಲಿಲ್ಲ. ಮೆಷಿನ್ ಕತ್ತರಿಸಿದಂತೆಲ್ಲ ಮೂವರೂ ಹಾಳೆಯ ಸುತ್ತ ಕುಳಿತು ಚೂರು ಬಿಡಿಸಿದರು. ಬಂಡಿ ಮಾಮನ ದಪ್ಪ ಬೆರಳುಗಳಿಗೆ ಚಿಮಟ ಒಗ್ಗಲಿಲ್ಲ. ಅವರು ಉಗುರಿನಲ್ಲೇ ಕಿತ್ತರು. ಕೊನೆಗೆ ನೋಡಿದರೆ 'ಬಂಡಿ'ಯ ಸೊನ್ನೆ ಕಾಣೆ. ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಎಲ್ಲ ಕಡೆ ಹುಡುಕಿದ ಮೇಲೆ ಅದು ಬಂಡಿ ಮಾಮನ ಮೊಣಕೈ ಮೇಲೇ ಅಂಟಿಕೊಂಡು ಕುಳಿತಿತ್ತು.

"ನನ್ನನ್ನ ಬಿಟ್ಟು ಹೋಗಲ್ಲ ಅಂತಿದೆ," ಎಂದರು ಅವರು. ಈ ಸಲ ಮೂವರೂ ನಕ್ಕರು.

ಆರೂ ಮುಕ್ಕಾಲಿಗೆ ವ್ಯಾನು ಹೊರಟಿತು. ಹದಿನೈದು ನಿಮಿಷ ತಡ. ಬಟನ್ ರಸ್ತೆಯ ಈ ಬದಿ ನಿಂತು ಒಂದು ಪಕ್ಕ ಓದಿದಳು. ಆಮೇಲೆ ವ್ಯಾನು ಮುಂದೆ ಹೋಗಿ ತಿರುಗಿಕೊಂಡು ಬರುವಾಗ ಇನ್ನೊಂದು ಪಕ್ಕವನ್ನೂ ಓದಿದಳು. ಬಂತು ಬಂತು ಪುಸ್ತಕದ ಬಂಡಿ. ಎರಡೂ ಪಕ್ಕ.

ಒಳಗೆ ಬಂದರೆ ಸ್ಕ್ರೀನಿನ ಮೂಲೆಯಲ್ಲಿ ಹಳದಿ ತ್ರಿಕೋನ. ಮೂರು ಡ್ರೈವರ್ ಹಳೆಯದಾಗಿವೆ.

"ಈಗ ಏನ್ ಮಾಡೋದು?" ಎಂದಳು ಬಟನ್. "ಆಮೇಲೆ ಅಂತ ಒತ್ತಲಾ?"

ಅಮ್ಮ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದರು. "ನಿಮ್ಮ ಮಿಸ್ ಹೇಳಿದ್ದು ಸುಳ್ಳಲ್ಲ ಕಣೇ. ವೈಫೈದು ಹೊಸದಾಗಿದ್ದು ಒಳ್ಳೇದೇ ಆಯ್ತು. ಅದು ಹೊರಗಿನ ಬಾಗಿಲು, ಅದಕ್ಕೆ ಚಿಲಕ ಬೇಕು. ನಾನೇ ಎಂದೋ ಮಾಡಬೇಕಿತ್ತು. ಪ್ರಿಂಟರೂ ಪೋರ್ಟೂ ಭಾನುವಾರ ನೋಡೋಣ. ಅವತ್ತು ಯಾರೂ ಕಾಯ್ತಿರಲ್ಲ. ಒಂದು ಮಾಡೋದು, ಒಂದು ವೃತ್ತ."

"ಕೇಬಲ್ಲು?"

"ಅದರ ಮೇಲೆ ಈ ಮೆಷಿನ್ ನಿಂತಿದೆ. ಮೆಷಿನ್ ಇರೋವರೆಗೂ ಅದು ಹಾಗೇ ಇರಲಿ."

ಬಟನ್ ಕೇಳಿದಳು, "ಇದನ್ನೆಲ್ಲ ನಂಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಬೇಕಿತ್ತು. ಆಮೇಲೆ ಆಮೇಲೆ ಅಂತ ತಳ್ಳಿಬಿಟ್ಟೆ. ತಪ್ಪು ನಂದೂ ಇದೆ."

"ನಿಂಗೆ ಕಂಪ್ಯೂಟರ್ ಅಂದ್ರೆ ಭಯ ಅಂದ್ಕೊಂಡಿದ್ದೆ."

"ಸ್ವಲ್ಪ ಇದೆ," ಎಂದರು ಅಮ್ಮ. "ಮೊದಮೊದಲು ಈ ಮೆಷಿನ್ ಅಷ್ಟು ದಿನ ಸತಾಯಿಸಿದ ಮೇಲೆ ಯಾರಿಗಿರಲ್ಲ?" ಎದ್ದು ನೀರಿನ ಬಾಟಲಿ ತುಂಬಿಸಲು ಹಿಂದಿನ ನಲ್ಲಿಯ ಕಡೆ ಹೋದರು. "ಆ ವೃತ್ತ ಗೋಡೆಗೆ ಅಂಟಿಸಿಬಿಡು."

ಇವತ್ತಿನ ತಾರೀಖಿನ ಮೇಲೆ ಬೆಳಗಿನ ವೃತ್ತ ಆಗಲೇ ಇತ್ತು. ಅದರ ಪಕ್ಕದಲ್ಲಿ ಬಟನ್ ಸಂಜೆಯ ವೃತ್ತ ಅಂಟಿಸಿದಳು. ಅಂಟಿಸಿ ತಿರುಗುವಾಗ, ಸುರುಳಿ ಸ್ಟ್ಯಾಂಡ್ ಸರಿದಿದ್ದ ಮೂಲೆ ಕಣ್ಣಿಗೆ ಬಿತ್ತು. ಆ ಗೋಡೆಯನ್ನು ಅವಳು ನೋಡಿ ವರ್ಷಗಳೇ ಆಗಿದ್ದವು. ಅವಳಿಗೆ ಸರಿಯಾಗಿ ನೆನಪಿರುವಾಗಿನಿಂದ ಸ್ಟ್ಯಾಂಡ್ ಅಲ್ಲೇ ನಿಂತಿತ್ತು.

ಅಲ್ಲೂ ವೃತ್ತಗಳಿದ್ದವು. ನಾಲ್ಕು ವರ್ಷ ಹಿಂದಿನ ತಾರೀಖುಗಳು. ಆದರೆ ಅವು ವೃತ್ತಗಳೇ ಅಲ್ಲ. ಮೊದಲನೆಯದು ಕಚ್ಚಿಬಿಟ್ಟ ಬಿಸ್ಕತ್ತಿನ ಹಾಗಿತ್ತು. ಎರಡನೆಯದರ ಅಂಚು ಗರಗಸದಂತಿತ್ತು. ಮೂರನೆಯದು ಮೊಟ್ಟೆ. ಒಂದೊಂದರ ಕೆಳಗೂ ತಾರೀಖಿನ ಜೊತೆ ಒಂದೊಂದು ಸಣ್ಣ ಮಾತು. 'ಬ್ಲೇಡು ಬದಲಾಯಿಸಿದೆ.' 'ವೇಗ ಕಡಿಮೆ ಮಾಡಿದೆ.' 'ಬೇರೆ ಡ್ರೈವರ್ ಹಾಕಿದೆ.' 'ಹಳೆಯದಕ್ಕೇ ಮರಳಿದೆ.' 'ಬೇರೆ ಕೇಬಲ್ಲು.' ದಿನಕ್ಕೊಂದು ಮಾತು, ದಿನಕ್ಕೊಂದು ಸೊಟ್ಟ ವೃತ್ತ.

ಬಟನ್ ಬೆರಳಿಟ್ಟು ಎಣಿಸುತ್ತ ಹೋದಳು. ಐದನೇ ಸಾಲಿನ ಹೊತ್ತಿಗೆ ವೃತ್ತಗಳು ದುಂಡಗಾಗತೊಡಗಿದ್ದವು. ಒಂದು ಪಕ್ಕದಲ್ಲಿ ಮಾತ್ರ ಚೂರು ಬಾಲ. ಹೊರಟ ಜಾಗಕ್ಕೆ ಬ್ಲೇಡು ಇನ್ನೂ ಸರಿಯಾಗಿ ಬಂದಿರಲಿಲ್ಲ. ಐವತ್ತಮೂರು ಎಣಿಸಿದ ಮೇಲೆ ಮೊದಲ ಪೂರ್ತಿ ವೃತ್ತ ಸಿಕ್ಕಿತು. ಅದರ ಕೆಳಗೆ 'ಕೂಡಿತು' ಎಂದು ಮಾತ್ರ ಇತ್ತು. ಅಲ್ಲಿಂದ ಮುಂದೆ ಬರೀ ತಾರೀಖು, ಇವತ್ತಿನವರೆಗೂ.

ಆದರೆ ಬಾಲದ ಸಾಲಿನಲ್ಲಿ ನಡುನಡುವೆ ಖಾಲಿ ಜಾಗಗಳಿದ್ದವು. ಕೆಳಗೆ ತಾರೀಖು ಇತ್ತು, ಮಾತು ಇತ್ತು, ಮೇಲೆ ವೃತ್ತ ಇರಲಿಲ್ಲ. ಅಂಟಿನ ಕಲೆ ಮಾತ್ರ ಉಳಿದಿತ್ತು. ಯಾರೋ ಕಿತ್ತುಕೊಂಡಂತೆ.

ಎಷ್ಟು ಖಾಲಿ ಎಂದು ಎಣಿಸಿದಳು. ಐದು.

ಅವಳು ಮೇಜಿನ ಹತ್ತಿರ ಹೋಗಿ ತಗಡಿನ ಡಬ್ಬಿಯನ್ನು ಕೈಗೆತ್ತಿಕೊಂಡಳು. ಮಾಸಿದ ಐದು ಚಂದ್ರಗಳು. ಐದಕ್ಕೂ ಬಾಲ. ಆಗ ಅವಳು ಒಂದನೇ ಕ್ಲಾಸು. ಚಂದ್ರ ಬೇಕು ಎಂದು ಇದೇ ಗೋಡೆಯ ಮುಂದೆ ನಿಂತು ಹಟ ಮಾಡಿದ್ದು ಮಸುಕು ಮಸುಕಾಗಿ ನೆನಪಿತ್ತು. ಅಮ್ಮ ಅಷ್ಟು ದಿನವೂ ಮೆಷಿನ್ನಿನ ಮುಂದೆ ಕುಳಿತು ತನಗಾಗಿ ಆಟದ ಚಂದ್ರ ಮಾಡುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು. ಕ್ಲಾಸಿನಲ್ಲಿ ಎಲ್ಲರಿಗೂ ಹಾಗೆಯೇ ಹೇಳಿದ್ದಳು.

ಡಬ್ಬಿಯನ್ನು ಖಾಲಿ ಜಾಗದ ಪಕ್ಕಕ್ಕೆ ಹಿಡಿದು ನೋಡಿದಳು. ಮೊದಲನೆಯ ಖಾಲಿ ಜಾಗದ ಕೆಳಗೆ 'ಇವತ್ತೂ ಆಗಲಿಲ್ಲ' ಎಂದಿತ್ತು. ಬಟನ್ ಅದನ್ನು ಎರಡು ಸಲ ಓದಿದಳು. ಅವಳ ಕಣ್ಣು ತುಂಬಿಕೊಂಡಿತು.

ಹಿಂದಿನಿಂದ ನಲ್ಲಿ ನಿಂತ ಸದ್ದಾಯಿತು. ಬಟನ್ ತೋಳಿನಿಂದ ಮುಖ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು. ಹೋಂವರ್ಕ್ ಹಾಳೆಯನ್ನು ಕೈಯಿಂದ ತೀಡಿ ಮಡಿಕೆ ಬಿಡಿಸಿದಳು. ಪ್ರಿಂಟರಿನ ಮುಂದಿನ ಟಿಕ್ ಹೊಡೆದುಹಾಕಿ 'ಭಾನುವಾರ' ಎಂದು ಬರೆದಳು. ಪೋರ್ಟಿನ ಮುಂದೆಯೂ ಭಾನುವಾರ. ಕೇಬಲ್ಲಿನ ಮುಂದಿನ ಟಿಕ್ ಹೊಡೆದುಹಾಕಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅಲ್ಲಿ 'ಕೂಡಿದೆ' ಎಂದು ಬರೆದಳು. ಪಕ್ಕದ ಬೆಂಚಿನವಳು ಏನಾದರೂ ಅಂದುಕೊಳ್ಳಲಿ. ಹಳದಿ ತ್ರಿಕೋನದ ಮೇಲೆ 'ಆಮೇಲೆ' ಎಂಬುದನ್ನು ಒತ್ತಿದಳು.

ಅಮ್ಮ ಬಾಟಲಿ ಒರೆಸುತ್ತ ಬಂದರು. "ಬಾ, ಈ ಸ್ಟ್ಯಾಂಡ್ ಹಿಡ್ಕೋ. ಮೊದಲಿದ್ದ ಜಾಗಕ್ಕೇ ತಳ್ಳಿಬಿಡೋಣ."

ಬಟನ್ ಬಂದು ಸ್ಟ್ಯಾಂಡಿನ ಇನ್ನೊಂದು ತುದಿ ಹಿಡಿದಳು. ಹಿಡಿದವಳು ತಳ್ಳಲಿಲ್ಲ.

"ಅಲ್ಲಿ ಬೇಡ ಅಮ್ಮಾ," ಎಂದಳು. "ಈ ಕಡೆ ಇಡೋಣ."

ಅಮ್ಮ ಅವಳ ಮುಖ ನೋಡಿದರು, ಮೂಲೆಯ ಗೋಡೆ ನೋಡಿದರು. ಇಬ್ಬರೂ ಸೇರಿ ಸ್ಟ್ಯಾಂಡನ್ನು ಬಾಗಿಲ ಪಕ್ಕಕ್ಕೆ ತಳ್ಳಿದರು.